ಕಾಗದದ ಮೇಲಿನ ಸೈನಿಕ: ಸೇವಾ ದಾಖಲೆಯ ತಪ್ಪನ್ನು ತಿದ್ದುವುದು ಹೇಗೆ?

ಯುದ್ಧದ ಬಗ್ಗೆ ಚರ್ಚೆ ನಡೆದಾಗಲೆಲ್ಲ ರಣರಂಗ, ಶೌರ್ಯ, ಪದಕಗಳ ಮಾತು ಬರುತ್ತದೆ. ಯುದ್ಧ ಮುಗಿದು ಸೈನಿಕ ಊರಿಗೆ ಮರಳಿದ ಮೇಲೆ ಅವನ ಬದುಕನ್ನು ನಿರ್ಧರಿಸುವ ಇನ್ನೊಂದು ವಸ್ತುವಿನ ಬಗ್ಗೆ ಮಾತು ಬರುವುದು ಅಪರೂಪ. ಅದು ಅವನ ಸೇವಾ ದಾಖಲೆ. ಸೇನೆ ಸೇರಿದ ದಿನವೇ ಅವನ ಹೆಸರಿನಲ್ಲಿ ಒಂದು ಕಡತ ತೆರೆಯುತ್ತದೆ. ಹುಟ್ಟಿದ ದಿನಾಂಕ, ಎತ್ತರ, ತೂಕ, ಹತ್ತಿರದ ಬಂಧುಗಳ ಹೆಸರು ಮೊದಲ ಪುಟಗಳಲ್ಲಿ ದಾಖಲಾಗುತ್ತವೆ. ಮುಂದೆ ತರಬೇತಿ, ವರ್ಗಾವಣೆ, ಬಡ್ತಿ, ಗಾಯ, ಆಸ್ಪತ್ರೆವಾಸ, ಪದಕ, ಶಿಕ್ಷೆ ಎಲ್ಲವೂ ಅದೇ ಕಡತ ಸೇರುತ್ತವೆ. ಸೈನಿಕ ಸೇನೆಯಿಂದ ಹೊರಬಂದರೂ ಕಡತ ಸರ್ಕಾರದ ಕಪಾಟಿನಲ್ಲಿಯೇ ಉಳಿಯುತ್ತದೆ.

ಆ ಕಡತದಲ್ಲಿ ಒಂದು ಅಂಕಿ ತಪ್ಪಾದರೆ? ಆಗಿದ್ದ ಗಾಯವೊಂದು ಬರೆಯದೆ ಬಿಟ್ಟುಹೋದರೆ? ಮಾಡದ ಅಪರಾಧವೊಂದು ಹೆಸರಿನ ಮುಂದೆ ನಿಂತುಬಿಟ್ಟರೆ? ಅದನ್ನು ತಿದ್ದುವವರು ಯಾರು, ಯಾವ ಆಧಾರದ ಮೇಲೆ? ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ಅಮೆರಿಕ ಸಂಯುಕ್ತ ಸಂಸ್ಥಾನದ ಅನುಭವ ಬಹಳ ಉಪಯುಕ್ತ. ದಾಖಲೆ ತಿದ್ದಲೆಂದೇ ಅಲ್ಲಿ ಕಾನೂನಿನ ಬಲವುಳ್ಳ ಮಂಡಳಿಗಳಿವೆ. ಒಂದೇ ಬೆಂಕಿಯಲ್ಲಿ ಕೋಟಿಗೂ ಮೀರಿದ ಸೈನಿಕರ ಕಡತಗಳನ್ನು ಕಳೆದುಕೊಂಡ ದೇಶವೂ ಅದೇ.

ಒಂದು ಹಾಳೆಯ ಬೆಲೆ

ಅಮೆರಿಕದ ಸೈನಿಕ ಸೇವೆಯಿಂದ ಬಿಡುಗಡೆಯಾದಾಗ ಅವನ ಕೈಗೆ ಒಂದು ಪ್ರಮಾಣಪತ್ರ ಸಿಗುತ್ತದೆ. ಅದರ ಹೆಸರು ಡಿಡಿ-214. 1950ರಿಂದ ಬಳಕೆಯಲ್ಲಿರುವ ಈ ಪತ್ರ ಇಡೀ ಕಡತದ ಸಾರಾಂಶವೆನ್ನಬಹುದು. ಸೇವೆಗೆ ಸೇರಿದ ಮತ್ತು ಬಿಟ್ಟ ದಿನಾಂಕಗಳು, ಕೊನೆಯ ಹುದ್ದೆ, ಪಡೆದ ಪದಕಗಳು, ಪಡೆದ ತರಬೇತಿ ಇದರಲ್ಲಿರುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ ಬಿಡುಗಡೆಯ ಸ್ವರೂಪವೇನು, ಅಂದರೆ ಅದು ಗೌರವಪೂರ್ವಕವೋ ಅಲ್ಲವೋ ಎಂಬುದೂ ಇರುತ್ತದೆ.

ಈ ಒಂದು ಪತ್ರದ ಮೇಲೆ ಎಷ್ಟೋ ಸಂಗತಿಗಳು ನಿಂತಿವೆ. ಯುದ್ಧದಲ್ಲಿ ಅಂಗವಿಕಲನಾದವನಿಗೆ ಸಿಗುವ ಪರಿಹಾರ, ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಚಿಕಿತ್ಸೆ, ಓದಿಗೆ ನೆರವು, ಮನೆ ಕಟ್ಟಲು ಸಾಲದ ಖಾತರಿ ಎಲ್ಲಕ್ಕೂ ಇದೇ ಆಧಾರ. ಸತ್ತ ಮೇಲೆ ರಾಷ್ಟ್ರೀಯ ಸ್ಮಶಾನದಲ್ಲಿ ಜಾಗ ಸಿಗಬೇಕೆಂದರೂ ಶವಪೆಟ್ಟಿಗೆಯ ಮೇಲೆ ಹೊದಿಸಲು ರಾಷ್ಟ್ರಧ್ವಜ ಬೇಕೆಂದರೂ ಇದೇ ಪುರಾವೆ. ಕೆಲಸ ಕೊಡುವ ಸಂಸ್ಥೆಯವರೂ ಇದನ್ನೇ ಕೇಳುತ್ತಾರೆ. ಹೀಗಾಗಿ ಪತ್ರದ ಮೇಲಿನ ಒಂದು ತಪ್ಪು ಪದ ಮನುಷ್ಯನನ್ನು ಜೀವನಪರ್ಯಂತ ಹಿಂಬಾಲಿಸಬಲ್ಲದು.

ತಪ್ಪು ಹೇಗೆ ನುಸುಳುತ್ತದೆ?

ಎಲ್ಲ ತಪ್ಪುಗಳೂ ಒಂದೇ ಬಗೆಯವಲ್ಲ. ಮೊದಲನೆಯದು ಬರವಣಿಗೆಯ ತಪ್ಪು. ಎರಡನೆಯ ಮಹಾಯುದ್ಧ ಮುಗಿದಾಗ ಲಕ್ಷಾಂತರ ಸೈನಿಕರನ್ನು ಕೆಲವೇ ತಿಂಗಳುಗಳಲ್ಲಿ ಬಿಡುಗಡೆ ಮಾಡಬೇಕಾಯಿತು. ಗುಮಾಸ್ತರು ಬೆರಳಚ್ಚು ಯಂತ್ರದ ಮುಂದೆ ಕುಳಿತು ಪತ್ರಗಳನ್ನು ಸಿದ್ಧಪಡಿಸುತ್ತಿದ್ದ ಕಾಲ ಅದು. ಹೆಸರಿನ ಒಂದು ಅಕ್ಷರ, ಸೇವಾ ಸಂಖ್ಯೆಯ ಒಂದು ಅಂಕಿ ಅದಲು ಬದಲಾಗುವುದು ಆಶ್ಚರ್ಯವಲ್ಲ.

ಎರಡನೆಯದು ಬಿಟ್ಟುಹೋದ ಸಂಗತಿ. ರಣರಂಗದಲ್ಲಿ ಗಾಯಗೊಂಡವನಿಗೆ ಮುಂಚೂಣಿಯ ವೈದ್ಯ ಪಟ್ಟಿ ಕಟ್ಟಿ ಕಳಿಸಿರಬಹುದು. ಅದನ್ನು ಕಾಗದದ ಮೇಲೆ ಇಳಿಸಲು ಆ ಗಳಿಗೆಯಲ್ಲಿ ಯಾರಿಗೂ ಬಿಡುವಿರುವುದಿಲ್ಲ. ಗಾಯಾಳುಗಳಿಗೆ ಕೊಡುವ ‘ಪರ್ಪಲ್ ಹಾರ್ಟ್’ ಪದಕ ಕೈತಪ್ಪಲು ಇಷ್ಟು ಸಾಕು. ಪದಕ ಹೋದರೆ ಹೋಗಲಿ ಎನ್ನಬಹುದು. ಆದರೆ ಮೂವತ್ತು ವರ್ಷಗಳ ನಂತರ ಅದೇ ಮಂಡಿ ನೋಯತೊಡಗಿದಾಗ, ಈ ನೋವು ಯುದ್ಧದಿಂದಲೇ ಬಂದದ್ದು ಎಂದು ತೋರಿಸಲು ಅವನ ಬಳಿ ಏನೂ ಇರುವುದಿಲ್ಲ.

ಮೂರನೆಯದು ಎಲ್ಲಕ್ಕಿಂತ ಗಂಭೀರ. ಬರೆದವರು ತಿಳಿದೇ ಬರೆದಿದ್ದಾರೆ, ಅಕ್ಷರಗಳಲ್ಲಿ ದೋಷವಿಲ್ಲ, ಆದರೆ ಅದರ ಹಿಂದಿನ ತೀರ್ಮಾನವೇ ಅನ್ಯಾಯದ್ದು. ಪೂರ್ವಗ್ರಹದಿಂದ ಕೊಟ್ಟ ಶಿಕ್ಷೆ ಇಂಥದು. ಕಾಯಿಲೆಯನ್ನು ಅಶಿಸ್ತೆಂದು ತಿಳಿದು ಮಾಡಿದ ವಜಾ ಕೂಡ ಇಂಥದೇ. ಈ ಮೂರು ಬಗೆಯ ತಪ್ಪುಗಳಿಗೂ ಒಂದೇ ಮದ್ದು ಸಾಲದು.

ಸಂಸತ್ತಿನಿಂದ ಮಂಡಳಿಗೆ

1946ಕ್ಕೆ ಮುಂಚೆ ಅಮೆರಿಕದ ಸೈನಿಕನೊಬ್ಬನ ದಾಖಲೆಯನ್ನು ತಿದ್ದಿಸುವ ದಾರಿ ಬಹಳ ದುರ್ಗಮವಾಗಿತ್ತು. ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸಿನಲ್ಲಿ ಆ ಒಬ್ಬ ವ್ಯಕ್ತಿಯ ಹೆಸರಿನಲ್ಲಿಯೇ ಒಂದು ಮಸೂದೆ ಮಂಡನೆಯಾಗಿ ಅಂಗೀಕಾರವಾಗಬೇಕಿತ್ತು. ಇವುಗಳಿಗೆ ಖಾಸಗಿ ಮಸೂದೆಗಳು ಎಂದು ಹೆಸರು. ಪ್ರಭಾವಿ ಸದಸ್ಯರ ಪರಿಚಯವಿದ್ದವರಿಗೆ ಸ್ವಲ್ಪ ಆಸೆ, ಇಲ್ಲದವರಿಗೆ ಅದೂ ಇಲ್ಲ.

ಹೆನ್ರಿ ಫ್ಲಿಪ್ಪರ್ ಅವರ ಜೀವನ ಇದಕ್ಕೆ ಒಳ್ಳೆಯ ಉದಾಹರಣೆ. 1856ರಲ್ಲಿ ಜಾರ್ಜಿಯಾ ರಾಜ್ಯದಲ್ಲಿ ಗುಲಾಮರಾಗಿ ಹುಟ್ಟಿದ ಅವರು 1877ರಲ್ಲಿ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯಿಂದ ಪದವಿ ಪಡೆದ ಮೊದಲ ಕಪ್ಪು ಅಧಿಕಾರಿಯಾದರು. 1881ರಲ್ಲಿ ಟೆಕ್ಸಾಸ್‌ನ ಫೋರ್ಟ್ ಡೇವಿಸ್‌ನಲ್ಲಿದ್ದಾಗ ಅವರ ಮೇಲೆ ಹಣ ದುರುಪಯೋಗದ ಆರೋಪ ಬಂತು. ಸೇನಾ ನ್ಯಾಯಾಲಯ ಆ ಆರೋಪದಿಂದ ಅವರನ್ನು ಮುಕ್ತಗೊಳಿಸಿತು. ಆದರೆ ಅಧಿಕಾರಿಗೆ ತಕ್ಕ ನಡತೆಯಲ್ಲ ಎಂಬ ಇನ್ನೊಂದು ಆರೋಪದ ಮೇಲೆ 1882ರಲ್ಲಿ ಸೇನೆಯಿಂದ ವಜಾ ಆಯಿತು. ಮುಂದೆ ಅವರು ಎಂಜಿನಿಯರ್ ಆಗಿ ಹೆಸರು ಮಾಡಿದರು. ತಮ್ಮ ಹೆಸರಿನ ಕಳಂಕ ತೊಳೆಯಲು ಕಾಂಗ್ರೆಸ್ಸಿನಲ್ಲಿ ಮತ್ತೆ ಮತ್ತೆ ಮಸೂದೆ ಮಂಡನೆಯಾಗುವಂತೆ ಪ್ರಯತ್ನಿಸಿದರು. ಒಂದೂ ಅಂಗೀಕಾರವಾಗಲಿಲ್ಲ. 1940ರಲ್ಲಿ ಅವರು ತೀರಿಕೊಂಡಾಗ ದಾಖಲೆ ಹಾಗೆಯೇ ಇತ್ತು.

ಇಂಥ ಖಾಸಗಿ ಮಸೂದೆಗಳ ಹೊರೆಯಿಂದ ಕಾಂಗ್ರೆಸ್ಸೇ ಬೇಸತ್ತಿತು. 1946ರ ಶಾಸಕಾಂಗ ಪುನಾರಚನೆ ಕಾಯ್ದೆಯಲ್ಲಿ ಸೇನಾ ದಾಖಲೆ ತಿದ್ದುವ ಖಾಸಗಿ ಮಸೂದೆಗಳನ್ನು ನಿಷೇಧಿಸಿ, ಆ ಅಧಿಕಾರವನ್ನು ಸೇನಾ ಇಲಾಖೆಗಳ ಕಾರ್ಯದರ್ಶಿಗಳಿಗೆ ವಹಿಸಲಾಯಿತು. ಅವರು ಈ ಅಧಿಕಾರವನ್ನು ಮಂಡಳಿಗಳ ಮೂಲಕ ನಡೆಸಬೇಕು. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ: ಮಂಡಳಿಯ ಸದಸ್ಯರು ಸಮವಸ್ತ್ರಧಾರಿಗಳಲ್ಲ, ಇಲಾಖೆಯ ನಾಗರಿಕ ಅಧಿಕಾರಿಗಳು. ಸೇನೆ ಬರೆದದ್ದನ್ನು ಸೇನೆಯೇ ಪರೀಕ್ಷಿಸಿದರೆ ಸಾಲದು ಎಂಬ ಆಲೋಚನೆ ಇದರ ಹಿಂದಿದೆ.

ಹೆನ್ರಿ ಫ್ಲಿಪ್ಪರ್ ಅವರ ಅರ್ಜಿ ಅವರ ವಂಶಸ್ಥರು ಮತ್ತು ಅಭಿಮಾನಿಗಳ ಮೂಲಕ ಇಂಥ ಮಂಡಳಿಯ ಮುಂದೆ ಬಂತು. 1976ರಲ್ಲಿ, ಅಂದರೆ ವಜಾ ಆದ 94 ವರ್ಷಗಳ ನಂತರ, ಅವರ ದಾಖಲೆಯಲ್ಲಿ ಗೌರವಪೂರ್ವಕ ಬಿಡುಗಡೆ ಎಂದು ಬರೆಯಲಾಯಿತು. ದಿನಾಂಕ ಮಾತ್ರ ಹಳೆಯದೇ: 1882ರ ಜೂನ್ 30. 1999ರಲ್ಲಿ ಅಧ್ಯಕ್ಷ ಕ್ಲಿಂಟನ್ ಅವರಿಗೆ ಕ್ಷಮಾದಾನವನ್ನೂ ನೀಡಿದರು.

ಮಂಡಳಿಯ ಮುಂದೆ

ಈಗ ಕ್ರಮ ಹೇಗಿದೆ ನೋಡೋಣ. ಅಕ್ಷರದೋಷ, ಬಿಟ್ಟುಹೋದ ಪದಕದಂಥ ಸರಳ ತಪ್ಪುಗಳಿಗೆ ಮಂಡಳಿಯ ತನಕ ಹೋಗಬೇಕಾಗಿಲ್ಲ. ಕಡತದಲ್ಲಿಯೇ ಪುರಾವೆ ಇದ್ದರೆ ಸಂಬಂಧಪಟ್ಟ ಸೇನಾ ಕಚೇರಿ ಡಿಡಿ-215 ಎಂಬ ತಿದ್ದುಪಡಿ ಪತ್ರ ಕೊಡುತ್ತದೆ. ಇದು ಮೂಲಪತ್ರವನ್ನು ಅಳಿಸುವುದಿಲ್ಲ. ಅದರ ಜೊತೆಗಿದ್ದು, ಇಂಥ ಕಡೆ ಇಂತಿದ್ದುದನ್ನು ಇಂತು ಓದಿಕೊಳ್ಳಿ ಎಂದು ಹೇಳುತ್ತದೆ.

ವಿಜ್ಞಾನದ ವಿದ್ಯಾರ್ಥಿಗಳಿಗೆ ಇದು ಹೊಸದೇನಲ್ಲ. ಪ್ರಯೋಗಾಲಯದ ರೆಕಾರ್ಡ್ ಪುಸ್ತಕದಲ್ಲಿ ತಪ್ಪು ಅಳತೆ ಬರೆದರೆ ರಬ್ಬರಿನಿಂದ ಅಳಿಸಬಾರದು, ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದುದನ್ನು ಬರೆಯಬೇಕೆಂದು ಮೇಷ್ಟರು ಹೇಳಿಕೊಟ್ಟಿರುತ್ತಾರೆ. ಮೊದಲು ಏನಿತ್ತು, ಬದಲಾಯಿಸಿದ್ದು ಯಾವಾಗ ಎಂಬುದು ಕಾಣುತ್ತಿದ್ದರೆ ಮಾತ್ರ ದಾಖಲೆಯ ಮೇಲೆ ನಂಬಿಕೆ ಉಳಿಯುತ್ತದೆ.

ಸರಳವಲ್ಲದ ತಪ್ಪುಗಳಿಗೆ ಡಿಡಿ-149 ಎಂಬ ಅರ್ಜಿ ತುಂಬಿ ಮಂಡಳಿಗೆ ಕಳುಹಿಸಬೇಕು. ಇದಕ್ಕೆ ಶುಲ್ಕವಿಲ್ಲ. ತಪ್ಪು ಗೊತ್ತಾದ ಮೂರು ವರ್ಷಗಳೊಳಗೆ ಅರ್ಜಿ ಸಲ್ಲಿಸಬೇಕೆಂಬ ನಿಯಮವಿದ್ದರೂ ನ್ಯಾಯದ ದೃಷ್ಟಿಯಿಂದ ಅಗತ್ಯವೆನಿಸಿದರೆ ಮಂಡಳಿ ವಿಳಂಬವನ್ನು ಮನ್ನಿಸಬಹುದು. ಸೈನಿಕ ಬದುಕಿಲ್ಲದಿದ್ದರೆ ಪತ್ನಿ, ಮಕ್ಕಳು ಅಥವಾ ಕಾನೂನುಬದ್ಧ ಪ್ರತಿನಿಧಿ ಅರ್ಜಿ ಹಾಕಬಹುದು. ಬೇರೆ ಕಚೇರಿಯಲ್ಲಿ ಪರಿಹಾರ ಸಿಗುವಂತಿದ್ದರೆ ಮೊದಲು ಅಲ್ಲಿ ಪ್ರಯತ್ನಿಸಿರಬೇಕು. ಉದಾಹರಣೆಗೆ ಬಿಡುಗಡೆಯ ಸ್ವರೂಪ ಬದಲಿಸಲು ಹದಿನೈದು ವರ್ಷಗಳೊಳಗಾದರೆ ಬಿಡುಗಡೆ ಪರಿಶೀಲನಾ ಮಂಡಳಿ ಎಂಬ ಇನ್ನೊಂದು ವ್ಯವಸ್ಥೆ ಇದೆ.

ಅರ್ಜಿದಾರ ಎದುರಿಸಬೇಕಾದ ಮೊದಲ ಕಷ್ಟವೇನೆಂದರೆ, ಸರ್ಕಾರಿ ದಾಖಲೆ ಸರಿಯಾಗಿಯೇ ಇದೆ ಎಂಬ ಭಾವನೆಯಿಂದಲೇ ಪರಿಶೀಲನೆ ಆರಂಭವಾಗುತ್ತದೆ. ಜಡತ್ವದ ನಿಯಮ ಕಡತಗಳಿಗೂ ಅನ್ವಯಿಸುತ್ತದೆ ಎನ್ನೋಣ. ಹೊರಗಿನಿಂದ ಬಲ ಬೀಳದ ಹೊರತು ಅವು ಇದ್ದಲ್ಲಿಂದ ಕದಲುವುದಿಲ್ಲ. ಆ ಬಲವೇ ಪುರಾವೆ. ಮಂಡಳಿ ತಾನಾಗಿ ತನಿಖೆ ನಡೆಸುವ ಸಂಸ್ಥೆಯಲ್ಲ, ಪುರಾವೆ ತರಬೇಕಾದವನು ಅರ್ಜಿದಾರ. “ನನಗೆ ಚೆನ್ನಾಗಿ ನೆನಪಿದೆ” ಎಂದಷ್ಟೇ ಹೇಳಿದರೆ ಸಾಲದು. ಆಸ್ಪತ್ರೆಯ ಚೀಟಿ, ತುಕಡಿಯ ಆದೇಶಪತ್ರ, ಅಂದು ಮನೆಗೆ ಬರೆದ ಕಾಗದ, ಜೊತೆಯಲ್ಲಿದ್ದ ಸೈನಿಕರ ಪ್ರಮಾಣೀಕೃತ ಹೇಳಿಕೆ ಇಂಥವು ಬೇಕು. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಮೂಲಗಳು ಒಂದೇ ಸಂಗತಿಯನ್ನು ಹೇಳಿದರೆ ಅದರ ತೂಕ ಹೆಚ್ಚು. ಎರಡು ಬೇರೆ ಬೇರೆ ವಿಧಾನಗಳಿಂದ ಒಂದೇ ಬೆಲೆ ಬಂದಾಗ ನಾವು ಪ್ರಯೋಗದ ಫಲಿತಾಂಶವನ್ನು ನಂಬುವುದಿಲ್ಲವೆ, ಇದೂ ಹಾಗೆಯೇ.

ಹಾಗಾದರೆ ಪುರಾವೆಯೇ ನಾಶವಾಗಿದ್ದರೆ? ಅದೂ ಸರ್ಕಾರದ ವಶದಲ್ಲಿದ್ದಾಗಲೇ ನಾಶವಾಗಿದ್ದರೆ?

ಬೆಂಕಿಗೆ ಬಿದ್ದ ನೆನಪು

ಅಮೆರಿಕದ ಮಾಜಿ ಸೈನಿಕರ ಕಡತಗಳ ಮುಖ್ಯ ಭಂಡಾರ ಮಿಸೌರಿ ರಾಜ್ಯದ ಸೇಂಟ್ ಲೂಯಿಸ್ ನಗರದ ಬಳಿ ಇದೆ. 1950ರ ದಶಕದಲ್ಲಿ ಅಲ್ಲಿ ಕಟ್ಟಿದ ಬೃಹತ್ ಕಟ್ಟಡದ ವಾಸ್ತುಶಿಲ್ಪಿ ಮಿನೋರು ಯಮಸಾಕಿ. ಮುಂದೆ ನ್ಯೂಯಾರ್ಕಿನ ವಿಶ್ವ ವಾಣಿಜ್ಯ ಕೇಂದ್ರದ ಅವಳಿ ಗೋಪುರಗಳನ್ನು ರೂಪಿಸಿದವರು ಇವರೇ. ಕಾಗದಗಳಿಂದ ತುಂಬಿದ ಆ ವಿಶಾಲ ಅಂತಸ್ತುಗಳಲ್ಲಿ ಬೆಂಕಿ ಹರಡದಂತೆ ತಡೆಯುವ ಗೋಡೆಗಳಿರಲಿಲ್ಲ. ಬೆಂಕಿ ಕಂಡೊಡನೆ ನೀರು ಸಿಂಪಡಿಸುವ ವ್ಯವಸ್ಥೆಯೂ ಇರಲಿಲ್ಲ. ನೀರಿನಿಂದ ಕಾಗದ ಹಾಳಾದೀತು ಎಂಬ ಅಂಜಿಕೆ ಆ ಕಾಲದ ದಾಖಲೆ ಪಾಲಕರಲ್ಲಿ ಅನೇಕರಿಗಿತ್ತು.

1973ರ ಜುಲೈ 12ರಂದು ಮಧ್ಯರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ ಆರನೆಯ ಅಂತಸ್ತಿನಲ್ಲಿ ಬೆಂಕಿ ಕಾಣಿಸಿಕೊಂಡಿತು. 42 ಅಗ್ನಿಶಾಮಕ ವಲಯಗಳ ಸಿಬ್ಬಂದಿ ಧಾವಿಸಿ ಬಂದರು. ಬೆಂಕಿ 22 ಗಂಟೆಗಳ ಕಾಲ ಹತೋಟಿ ಮೀರಿ ಉರಿಯಿತು. ಕಟ್ಟಡದೊಳಗೆ ಮತ್ತೆ ಕಾಲಿಡಲು ಎರಡು ದಿನ ಬೇಕಾಯಿತು. ಪೂರ್ತಿ ನಂದಿತೆಂದು ಘೋಷಿಸಿದ್ದು ಜುಲೈ 16ರಂದು. ಬೆಂಕಿಯ ಕಾರಣ ಖಚಿತವಾಗಲೇ ಇಲ್ಲ.

ನಷ್ಟದ ಅಂದಾಜು 1.6 ಕೋಟಿಯಿಂದ 1.8 ಕೋಟಿ ಕಡತಗಳು. 1912ರ ನವೆಂಬರ್ 1ರಿಂದ 1960ರ ಜನವರಿ 1ರವರೆಗೆ ಭೂಸೇನೆಯಿಂದ ಬಿಡುಗಡೆಯಾದವರ ದಾಖಲೆಗಳಲ್ಲಿ ಶೇಕಡ 80ರಷ್ಟು ಹೋದವು. ಎರಡು ಮಹಾಯುದ್ಧಗಳು ಮತ್ತು ಕೊರಿಯಾ ಯುದ್ಧ ಈ ಅವಧಿಯಲ್ಲಿಯೇ ಬರುತ್ತವೆ ಎಂಬುದನ್ನು ಗಮನಿಸಿ. 1947ರಿಂದ 1964ರ ಆರಂಭದವರೆಗೆ ವಾಯುಸೇನೆಯಿಂದ ಬಿಡುಗಡೆಯಾದವರ ದಾಖಲೆಗಳಲ್ಲಿ ಶೇಕಡ 75ರಷ್ಟು ನಾಶವಾದವು. ಅದರಲ್ಲಿಯೂ ಒಂದು ವಿಚಿತ್ರವಿದೆ. ಕಡತಗಳನ್ನು ಅಕಾರಾದಿಯಾಗಿ ಜೋಡಿಸಿದ್ದುದರಿಂದ, ಇಂಗ್ಲಿಷ್ ಅಕ್ಷರಕ್ರಮದಲ್ಲಿ ‘ಹಬರ್ಡ್’ ಎಂಬ ಹೆಸರಿಗಿಂತ ಮುಂಚೆ ಬರುವವರ ದಾಖಲೆಗಳು ಉಳಿದವು. ಬೆಂಕಿಗೆ ಸಿಕ್ಕಿದ್ದು ಅದರ ಮುಂದಿನವರ ದಾಖಲೆಗಳು. ಒಬ್ಬ ಮನುಷ್ಯನ ಪಿಂಚಣಿಯ ಭವಿಷ್ಯ ಅವನ ಹೆಸರಿನ ಮೊದಲಕ್ಷರದ ಮೇಲೆ ನಿಂತಂತಾಯಿತು.

ಈ ಕಡತಗಳಿಗೆ ನಕಲುಗಳಿರಲಿಲ್ಲ, ಮೈಕ್ರೋಫಿಲ್ಮ್ ಪ್ರತಿಗಳೂ ಇರಲಿಲ್ಲ. ಸೂಚಿಯೂ ಇಲ್ಲದ ಕಾರಣ ಯಾರ ಕಡತ ಸುಟ್ಟಿತು ಎಂಬ ಪೂರ್ಣ ಪಟ್ಟಿಯನ್ನು ಸಿದ್ಧಪಡಿಸಲೂ ಸಾಧ್ಯವಾಗಲಿಲ್ಲ. ದೂರದರ್ಶನದಲ್ಲಿ ಕೆಲಸ ಮಾಡುವವರಿಗೆ ಈ ಮಾತಿನ ಭಯ ಚೆನ್ನಾಗಿ ತಿಳಿದಿದೆ. ಒಂದೇ ಪ್ರತಿ ಇರುವ ಟೇಪೆಂದರೆ ಕಳೆದುಹೋಗಲು ಕಾದಿರುವ ಟೇಪೆಂದೇ ಅರ್ಥ.

ಒದ್ದೆ ಕಾಗದ ಮತ್ತು ನಿರ್ವಾತ

ಬೆಂಕಿ ಆರಿದ ಮೇಲೆ ಎರಡನೆಯ ಶತ್ರು ಎದುರಾಯಿತು. ನಂದಿಸಲು ಸುರಿದ ನೀರಿನಲ್ಲಿ ಲಕ್ಷಾಂತರ ಕಡತಗಳು ತೊಯ್ದು ಹೋಗಿದ್ದವು. ಮಿಸೌರಿಯ ಜುಲೈ ತಿಂಗಳಲ್ಲಿ ಸೆಕೆಯೂ ಹೆಚ್ಚು, ತೇವವೂ ಹೆಚ್ಚು. ಬೂಷ್ಟು ಬೆಳೆಯಲು ಬೇಕಾದ್ದೆಲ್ಲ ಅಲ್ಲಿತ್ತು. ಅದನ್ನು ತಡೆಯಲು ಸಿಬ್ಬಂದಿ ಥೈಮಾಲ್ ಎಂಬ ರಾಸಾಯನಿಕವನ್ನು ಸಿಂಪಡಿಸಿದರು. ಆದರೆ ಇಷ್ಟೊಂದು ಕಾಗದವನ್ನು ಒಣಗಿಸುವುದು ಹೇಗೆ? ಬಿಸಿಲಿಗೆ ಹರಡಿದರೆ ಹಾಳೆಗಳು ಮುರುಟಿ, ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಬೆಂಕಿಯಲ್ಲಿ ಬೆಂದ ಅಂಚುಗಳು ಪುಡಿಯಾಗುತ್ತವೆ.

ಪರಿಹಾರ ಸಿಕ್ಕಿದ್ದು ಬಾಹ್ಯಾಕಾಶ ವಿಜ್ಞಾನದಿಂದ. ಸೇಂಟ್ ಲೂಯಿಸ್‌ನಲ್ಲಿಯೇ ಮೆಕ್‌ಡೊನೆಲ್ ಡಗ್ಲಾಸ್ ವಿಮಾನ ಸಂಸ್ಥೆಯ ದೊಡ್ಡ ನಿರ್ವಾತ ಕೋಣೆಯೊಂದಿತ್ತು. ಅಂತರಿಕ್ಷದ ಪರಿಸ್ಥಿತಿಯನ್ನು ಭೂಮಿಯ ಮೇಲೆ ಅನುಕರಿಸಿ ಉಪಕರಣಗಳನ್ನು ಪರೀಕ್ಷಿಸಲು ಕಟ್ಟಿದ ಕೋಣೆ ಅದು. ಒದ್ದೆ ಕಡತಗಳನ್ನು ಹಾಲಿನ ಬಾಟಲಿ ಸಾಗಿಸುವ ಪ್ಲಾಸ್ಟಿಕ್ ಕ್ರೇಟುಗಳಲ್ಲಿ ತುಂಬಿ ಅದರೊಳಗೆ ಇಟ್ಟರು. ಒಂದು ಸಲಕ್ಕೆ ಸುಮಾರು 2,000 ಕ್ರೇಟುಗಳು.

ತತ್ವ ಸರಳವಾದದ್ದು. ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುವುದು ಸಮುದ್ರಮಟ್ಟದ ವಾಯು ಒತ್ತಡದಲ್ಲಿ ಮಾತ್ರ. ಒತ್ತಡ ಇಳಿದಂತೆ ಕುದಿಬಿಂದುವೂ ಇಳಿಯುತ್ತದೆ. ಎವರೆಸ್ಟ್ ಶಿಖರದ ಮೇಲೆ ಅದು ಸುಮಾರು 70 ಡಿಗ್ರಿ. ಕೋಣೆಯ ಗಾಳಿಯನ್ನು ಹೊರಗೆಳೆದುಬಿಟ್ಟರೆ, ಕಾಗದವನ್ನು ಬಿಸಿ ಮಾಡದೆಯೇ ಅದರೊಳಗಿನ ನೀರು ಆವಿಯಾಗುತ್ತದೆ. ಗಾಳಿಯನ್ನು ತೆಗೆದು, ಉಷ್ಣತೆಯನ್ನು ಘನೀಕರಣ ಬಿಂದುವಿಗೆ ಇಳಿಸಿ, ಬಳಿಕ ಬಿಸಿಯಾದ ಒಣಗಾಳಿಯನ್ನು ಒಳಗೆ ಬಿಟ್ಟು ತೇವವನ್ನು ಹೀರಿಸಿದರು. ಪ್ರತಿ ಕ್ರೇಟಿನಿಂದ ಮೂರೂವರೆ ಕಿಲೋಗ್ರಾಂಗಿಂತ ಹೆಚ್ಚು ನೀರು, ಒಂದು ಸಲಕ್ಕೆ ಏಳು ಟನ್ನಿಗೂ ಮಿಕ್ಕಿದ ನೀರು ಹೊರಬಂತು. ಹೀಗೆ ಸುಟ್ಟ, ತೊಯ್ದ ಸುಮಾರು 65 ಲಕ್ಷ ಕಡತಗಳು ಪೂರ್ತಿಯಾಗಿಯೋ ಭಾಗಶಃವೋ ಉಳಿದುಕೊಂಡವು. ಕಪ್ಪಾಗಿ ಕಣ್ಣಿಗೆ ಕಾಣದ ಹಾಳೆಗಳನ್ನು ಅವಕೆಂಪು ಕಿರಣಗಳ ಕ್ಯಾಮೆರಾದಿಂದ ಓದುವ ಪದ್ಧತಿ ಇತ್ತೀಚೆಗೆ ಬಂದಿದೆ. ಸುಟ್ಟ ಕಾಗದ ಮತ್ತು ಶಾಯಿ ನಮ್ಮ ಕಣ್ಣಿಗೆ ಒಂದೇ ಕಪ್ಪಾಗಿ ಕಂಡರೂ ಅವಕೆಂಪು ಕಿರಣಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಪ್ರತಿಫಲಿಸುತ್ತವೆ.

ಚೂರುಗಳಿಂದ ಚಿತ್ರ

ಪೂರ್ತಿ ಸುಟ್ಟವರ ಗತಿ? ಇಲ್ಲಿಂದ ದಾಖಲೆ ಪಾಲಕರು ಪತ್ತೇದಾರರಾದರು. ಮನುಷ್ಯನ ಬದುಕು ಒಂದೇ ಕಡತದಲ್ಲಿ ಇರುವುದಿಲ್ಲ ಎಂಬುದೇ ಅವರಿಗೆ ಸಿಕ್ಕ ಸುಳಿವು. ಸೈನಿಕನಿಗೆ ಸಂಬಳ ಕೊಟ್ಟ ಲೆಕ್ಕ ಇನ್ನೊಂದು ಕಚೇರಿಯಲ್ಲಿತ್ತು. ತುಕಡಿಗಳಲ್ಲಿ ದಿನವೂ ಬರೆಯುತ್ತಿದ್ದ ಬೆಳಗಿನ ವರದಿಗಳಲ್ಲಿ ಯಾರು ಬಂದರು, ಯಾರು ಗಾಯಗೊಂಡರು, ಯಾರು ಆಸ್ಪತ್ರೆಗೆ ಹೋದರು ಎಂಬ ವಿವರವಿತ್ತು. ಸೇನಾ ಭರ್ತಿ ಕಚೇರಿ, ರಾಜ್ಯ ಸರ್ಕಾರಗಳು, ಮಾಜಿ ಸೈನಿಕರ ಆಡಳಿತ ಇಲಾಖೆ ಇವುಗಳ ಬಳಿಯೂ ಕಾಗದಗಳಿದ್ದವು. ಇವುಗಳಿಂದ ಸಾರ ಹೆಕ್ಕಿ ಹೊಸ ಕಡತ ಕಟ್ಟಲಾಯಿತು. ಸುಟ್ಟು ಉಳಿದ ಕಡತಗಳಿಗೆ ‘ಬಿ’ ಎಂದೂ, ಮರುನಿರ್ಮಿಸಿದವುಗಳಿಗೆ ‘ಆರ್’ ಎಂದೂ ಗುರುತು.

1988ರಲ್ಲಿ ದೊರೆತ ಕಂಪ್ಯೂಟರ್ ಟೇಪುಗಳ ಸಂಗ್ರಹವೊಂದು ಇದಕ್ಕೆ ದೊಡ್ಡ ನೆರವಾಯಿತು. ಸೇನೆಯ ಸರ್ಜನ್ ಜನರಲ್ ಕಚೇರಿ ಎರಡನೆಯ ಮಹಾಯುದ್ಧ ಮತ್ತು ಕೊರಿಯಾ ಯುದ್ಧ ಕಾಲದ ಆಸ್ಪತ್ರೆ ದಾಖಲಾತಿಗಳನ್ನು ಅಂಕಿಅಂಶಗಳಿಗಾಗಿ ಸಂಕೇತರೂಪದಲ್ಲಿ ಸಂಗ್ರಹಿಸಿತ್ತು. ಸುಮಾರು ಒಂದು ಕೋಟಿ ನಮೂದುಗಳಿದ್ದ ಈ ಸಂಗ್ರಹವನ್ನು ಪತ್ತೆ ಮಾಡಿದ್ದು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ. ಅದರಲ್ಲಿ ಸೈನಿಕರ ಹೆಸರುಗಳಿರಲಿಲ್ಲ, ಸೇವಾ ಸಂಖ್ಯೆ ಮಾತ್ರ ಇತ್ತು. ಸಂಖ್ಯೆಯ ಒಂದು ಅಂಕಿ ತಪ್ಪಾದರೆ ಏನಾಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ಗಾಯದ ಪುರಾವೆ ಟೇಪಿನಲ್ಲಿದ್ದರೂ ಅದು ಯಾರದೆಂದು ತಿಳಿಯುವುದಿಲ್ಲ.

ಕಡತ ಸುಟ್ಟದ್ದು ಸೈನಿಕನ ತಪ್ಪಲ್ಲವಲ್ಲ? ಅಮೆರಿಕದ ಮಾಜಿ ಸೈನಿಕರ ಮೇಲ್ಮನವಿ ನ್ಯಾಯಾಲಯ 1991ರ ತೀರ್ಪೊಂದರಲ್ಲಿ ಇದನ್ನು ಎತ್ತಿಹಿಡಿಯಿತು. ಸರ್ಕಾರದ ವಶದಲ್ಲಿದ್ದಾಗ ದಾಖಲೆ ನಾಶವಾಗಿದ್ದರೆ, ಕೋರಿಕೆಯನ್ನು ಇನ್ನಷ್ಟು ಎಚ್ಚರದಿಂದ ಪರಿಶೀಲಿಸಿ ಕಾರಣಗಳನ್ನು ವಿವರಿಸುವ ಹೆಚ್ಚಿನ ಹೊಣೆ ಸರ್ಕಾರದ್ದು. ಜೊತೆಗೆ ಪರಿಹಾರದ ಕೋರಿಕೆಗಳಲ್ಲಿ ಪರ ಮತ್ತು ವಿರುದ್ಧದ ಪುರಾವೆಗಳು ಸರಿಸಮವಾಗಿ ತೂಗಿದರೆ ಸಂಶಯದ ಲಾಭ ಸೈನಿಕನಿಗೆ ಸಲ್ಲಬೇಕೆಂದು ಕಾನೂನೇ ಹೇಳುತ್ತದೆ.

ಪ್ರಮಾದವೇ, ಅನ್ಯಾಯವೇ?

ತಿದ್ದುಪಡಿ ಮಂಡಳಿಗಳ ಕಾನೂನಿನಲ್ಲಿ ಎರಡು ಪದಗಳಿವೆ: ಪ್ರಮಾದವನ್ನು ತಿದ್ದುವುದು ಅಥವಾ ಅನ್ಯಾಯವನ್ನು ನಿವಾರಿಸುವುದು. ಎರಡನೆಯ ಪದ ಇಲ್ಲದಿದ್ದರೆ ಮಂಡಳಿಯ ಕೆಲಸ ಗುಮಾಸ್ತಿಕೆಯಷ್ಟೇ ಆಗುತ್ತಿತ್ತು.

1944ರ ಆಗಸ್ಟ್ 14ರ ರಾತ್ರಿ ಸಿಯಾಟಲ್‌ನ ಫೋರ್ಟ್ ಲಾಟನ್ ಶಿಬಿರದಲ್ಲಿ ಗಲಭೆಯಾಯಿತು. ಮರುದಿನ ಬೆಳಿಗ್ಗೆ ಗುಲಿಯೆಲ್ಮೊ ಒಲಿವೊಟ್ಟೊ ಎಂಬ ಇಟಲಿಯ ಯುದ್ಧಕೈದಿ ನೇಣಿಗೆ ತೂಗುತ್ತಿದ್ದುದು ಕಂಡುಬಂತು. 43 ಮಂದಿ ಕಪ್ಪು ಸೈನಿಕರ ಮೇಲೆ ಆರೋಪ ಹೊರಿಸಲಾಯಿತು. 28 ಮಂದಿಗೆ ಶಿಕ್ಷೆಯಾಯಿತು. ಜೈಲುವಾಸದ ಜೊತೆಗೆ ಅಗೌರವದ ಬಿಡುಗಡೆ ಎಂಬ ಮುದ್ರೆಯೂ ಬಿತ್ತು. ಆ ಮುದ್ರೆ ಬಿದ್ದವನಿಗೆ ಮಾಜಿ ಸೈನಿಕರ ಸೌಲಭ್ಯಗಳ ಬಾಗಿಲು ಮುಚ್ಚಿದಂತೆಯೇ.

ದಶಕಗಳ ನಂತರ ಜ್ಯಾಕ್ ಹಾಮನ್ ಎಂಬ ದೂರದರ್ಶನ ಪತ್ರಕರ್ತರು ಪತ್ನಿಯೊಡನೆ ಈ ಪ್ರಕರಣದ ಕಾಗದಗಳನ್ನು ಹುಡುಕತೊಡಗಿದರು. ಸೇನೆಯೇ ನಡೆಸಿದ್ದ ಗುಪ್ತ ತನಿಖೆಯ ವರದಿಯೊಂದು ರಾಷ್ಟ್ರೀಯ ದಾಖಲೆ ಭಂಡಾರದಲ್ಲಿ ಸಿಕ್ಕಿತು. ಪ್ರಕರಣವನ್ನು ನಿಭಾಯಿಸಿದ ರೀತಿಯ ಲೋಪಗಳು ಅದರಲ್ಲಿದ್ದವು. ಅದು ಪ್ರಾಸಿಕ್ಯೂಷನ್ ಪಕ್ಷದ ಕೈಯಲ್ಲಿದ್ದರೂ ಆರೋಪಿಗಳ ವಕೀಲರಿಗೆ ತೋರಿಸಿರಲಿಲ್ಲ. ಹಾಮನ್ ಅವರ ಪುಸ್ತಕ 2005ರಲ್ಲಿ ಪ್ರಕಟವಾಯಿತು. ಸ್ಯಾಮ್ಯುಯೆಲ್ ಸ್ನೋ ಮತ್ತು ಆಗಲೇ ತೀರಿಹೋಗಿದ್ದ ಕೆಲವರ ಕುಟುಂಬದವರು ಭೂಸೇನೆಯ ತಿದ್ದುಪಡಿ ಮಂಡಳಿಗೆ ಅರ್ಜಿ ಸಲ್ಲಿಸಿದರು. 2007ರಲ್ಲಿ ಮಂಡಳಿ, ವಿಚಾರಣೆ ನ್ಯಾಯಯುತವಾಗಿರಲಿಲ್ಲವೆಂದು ತೀರ್ಮಾನಿಸಿ ಶಿಕ್ಷೆಗಳನ್ನು ರದ್ದುಪಡಿಸಿತು.

ಸ್ನೋ ಅವರಿಗೆ ಬಾಕಿ ವೇತನವೆಂದು ಬಂದ ಚೆಕ್ಕಿನ ಮೊತ್ತ 725 ಡಾಲರ್. ಬಡ್ಡಿಯಿಲ್ಲದ ಆ ಲೆಕ್ಕಕ್ಕೆ ಟೀಕೆ ಬಂದ ಮೇಲೆ ಬಡ್ಡಿಗೂ ಕಾನೂನಿನಲ್ಲಿ ಅವಕಾಶ ಮಾಡಲಾಯಿತು. 2008ರ ಜುಲೈ 26ರಂದು ಸಿಯಾಟಲ್‌ನಲ್ಲಿ ಸೇನೆ ಅಧಿಕೃತವಾಗಿ ಕ್ಷಮೆ ಕೋರಿತು. ಎಂಬತ್ತು ದಾಟಿದ್ದ ಸ್ನೋ ಸಮಾರಂಭಕ್ಕೆಂದೇ ಅಲ್ಲಿಗೆ ಬಂದಿದ್ದರು, ಆದರೆ ಅಸ್ವಸ್ಥರಾಗಿ ಆಸ್ಪತ್ರೆ ಸೇರಿದರು. ಅವರ ಪರವಾಗಿ ಮಗ ಗೌರವಪೂರ್ವಕ ಬಿಡುಗಡೆಯ ಪತ್ರ ಸ್ವೀಕರಿಸಿದರು. ಕೆಲವೇ ಗಂಟೆಗಳಲ್ಲಿ ಸ್ನೋ ತೀರಿಕೊಂಡರು. 64 ವರ್ಷಗಳ ನಂತರ ಬಂದ ತಿದ್ದುಪಡಿ ಅದು.

ಅನ್ಯಾಯ ಯಾವಾಗಲೂ ದ್ವೇಷದಿಂದಲೇ ಆಗಬೇಕೆಂದಿಲ್ಲ, ತಿಳಿವಳಿಕೆಯ ಕೊರತೆಯಿಂದಲೂ ಆಗುತ್ತದೆ. ವಿಯೆಟ್ನಾಂ ಯುದ್ಧದಿಂದ ಮರಳಿದ ಅನೇಕರಿಗೆ ನಿದ್ರೆಯಿಲ್ಲ, ಸಿಡುಕು, ಕುಡಿತ, ಕರ್ತವ್ಯಕ್ಕೆ ಗೈರುಹಾಜರಿ. ದಾಖಲೆಗಳಲ್ಲಿ ಇದು ಅಶಿಸ್ತೆಂದು ಬರೆಯಲ್ಪಟ್ಟಿತು. ಯುದ್ಧದ ಆಘಾತದ ನಂತರ ಕಾಡುವ ಈ ಮಾನಸಿಕ ಕಾಯಿಲೆ ಅಮೆರಿಕದ ಮನೋವೈದ್ಯರ ಅಧಿಕೃತ ಪಟ್ಟಿಗೆ ಸೇರಿದ್ದು 1980ರಲ್ಲಿ. ಇಂಥವರ ಅರ್ಜಿಗಳನ್ನು ಉದಾರವಾಗಿ ಪರಿಶೀಲಿಸಬೇಕೆಂದು ರಕ್ಷಣಾ ಕಾರ್ಯದರ್ಶಿಗಳು 2014ರಲ್ಲಿ ಮಂಡಳಿಗಳಿಗೆ ಸೂಚಿಸಿದರು. ವಿಜ್ಞಾನ ಮುಂದುವರಿದಾಗ ಹಳೆಯ ಬರಹವನ್ನು ಹೊಸ ಬೆಳಕಿನಲ್ಲಿ ಓದಬೇಕಾಗುತ್ತದೆ ಎಂಬುದಕ್ಕೆ ಇದೊಂದು ನಿದರ್ಶನ.

ನಮ್ಮ ಮನೆಗಳಲ್ಲಿ

ಇದೆಲ್ಲ ದೂರದೇಶದ ಮಾತೆಂದು ತಿಳಿಯಬೇಕಾಗಿಲ್ಲ. ನಮ್ಮಲ್ಲಿ ಪ್ರತಿ ರೆಜಿಮೆಂಟು ಅಥವಾ ವಿಭಾಗಕ್ಕೆ ತನ್ನದೇ ದಾಖಲೆ ಕಚೇರಿಯಿದೆ. ಮದ್ರಾಸ್ ಎಂಜಿನಿಯರ್ ಗ್ರೂಪಿನದು ಬೆಂಗಳೂರಿನಲ್ಲಿ, ಮರಾಠಾ ಲಘು ಪದಾತಿದಳದ್ದು ಬೆಳಗಾವಿಯಲ್ಲಿ. ಮದುವೆ, ಮಕ್ಕಳ ಜನನದಂಥ ಸಂಗತಿಗಳನ್ನು ಸೈನಿಕ ಸೇವೆಯಲ್ಲಿರುವಾಗಲೇ ತಿಳಿಸಿ ದಾಖಲು ಮಾಡಿಸಬೇಕು. ಪಿಂಚಣಿ ಆದೇಶದಲ್ಲಿ ಪತ್ನಿಯ ಹೆಸರು ಒಂದು ಬಗೆ, ಗುರುತಿನ ಚೀಟಿಯಲ್ಲಿ ಇನ್ನೊಂದು ಬಗೆ ಇದ್ದರೆ, ತೊಂದರೆ ಗೊತ್ತಾಗುವುದು ಅವರು ಕುಟುಂಬ ಪಿಂಚಣಿಗೆ ಅರ್ಜಿ ಹಾಕುವ ದುಃಖದ ದಿನಗಳಲ್ಲಿ. ತಿದ್ದುಪಡಿಗೆ ಮೊದಲು ದಾಖಲೆ ಕಚೇರಿಗೆ ಬರೆಯಬೇಕು. ಮಾರ್ಗದರ್ಶನಕ್ಕೆ ರಾಜ್ಯದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯಿದೆ. ಅಲ್ಲಿಯೂ ಬಗೆಹರಿಯದ ಸೇವಾ ವಿವಾದಗಳಿಗೆ 2007ರ ಕಾಯ್ದೆಯಂತೆ ಸ್ಥಾಪಿತವಾದ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯಿದೆ. ಕರ್ನಾಟಕ ಅದರ ಕೊಚ್ಚಿ ಪೀಠದ ವ್ಯಾಪ್ತಿಗೆ ಬರುತ್ತದೆ.

ಒಂದು ಅಂಕಿಯ ಬೆಲೆ ಎಷ್ಟೆಂಬುದನ್ನು 2012ರಲ್ಲಿ ಇಡೀ ದೇಶವೇ ನೋಡಿತು. ಆಗ ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ವಿ.ಕೆ. ಸಿಂಗ್ ಅವರ ಜನ್ಮದಿನ ಸೇನಾ ಪ್ರಧಾನ ಕಚೇರಿಯ ಒಂದು ಶಾಖೆಯಲ್ಲಿ 1950ರ ಮೇ 10 ಎಂದೂ, ಇನ್ನೊಂದು ಶಾಖೆಯಲ್ಲಿ 1951ರ ಮೇ 10 ಎಂದೂ ಇತ್ತು. ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ ಹುಡುಗನಾಗಿದ್ದಾಗ ತುಂಬಿದ ಅರ್ಜಿಯಲ್ಲಿ 1950 ಎಂದಿತ್ತು, ಮೆಟ್ರಿಕ್ಯುಲೇಷನ್ ಪ್ರಮಾಣಪತ್ರದಲ್ಲಿ 1951 ಎಂದಿತ್ತು. ವಿವಾದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಅವರು ಅರ್ಜಿಯನ್ನು ಹಿಂತೆಗೆದುಕೊಂಡರು, 1950ನ್ನು ಆಧರಿಸಿಯೇ ನಿವೃತ್ತರಾದರು.

ವಿದ್ಯಾರ್ಥಿ ಮಿತ್ರರು ಇದನ್ನು ಓದುವಾಗ ತಮ್ಮ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ಒಮ್ಮೆ ತೆಗೆದು ನೋಡುವುದು ಒಳ್ಳೆಯದು. ಹೆಸರು, ತಂದೆ ತಾಯಿಯ ಹೆಸರು, ಜನ್ಮದಿನಾಂಕ ಸರಿಯಾಗಿವೆಯೇ? ತಪ್ಪಿದ್ದರೆ ತಿದ್ದಿಸಲು ಇದೇ ಸಮಯ, ಏಕೆಂದರೆ ಸಾಕ್ಷಿಗಳು ಬದುಕಿದ್ದಾರೆ, ಶಾಲೆಯ ದಾಖಲಾತಿ ಪುಸ್ತಕವೂ ಇದೆ. ಮನೆಯಲ್ಲಿ ಸೇನೆಯಲ್ಲಿ ದುಡಿದ ಅಜ್ಜನೋ ಮಾವನೋ ಇದ್ದರೆ ಅವರ ಬಿಡುಗಡೆ ಪುಸ್ತಕ, ಪಿಂಚಣಿ ಆದೇಶಗಳ ಎರಡೆರಡು ನಕಲು ಮಾಡಿಸಿ, ಒಂದನ್ನು ಬೇರೆ ಮನೆಯಲ್ಲಿ ಇಡಿ. ಸೇಂಟ್ ಲೂಯಿಸ್‌ನಲ್ಲಿ ಇಲ್ಲದೇ ಹೋದದ್ದು ಆ ಎರಡನೆಯ ಪ್ರತಿಯೇ.

ಚರ್ಚೆಗೆ ಕೆಲವು ಪ್ರಶ್ನೆಗಳು

1. ದಾಖಲೆಯ ತಪ್ಪನ್ನು ಅಳಿಸದೆ ಪಕ್ಕದಲ್ಲಿ ತಿದ್ದುಪಡಿ ಬರೆಯುವುದರಿಂದ ಆಗುವ ಪ್ರಯೋಜನವೇನು? ಇದರಿಂದ ತೊಂದರೆಯೂ ಆಗಬಹುದೇ?

2. ದಾಖಲೆ ಸರ್ಕಾರದ ವಶದಲ್ಲಿದ್ದಾಗ ನಾಶವಾದರೆ, ಸತ್ಯವನ್ನು ರುಜುವಾತುಪಡಿಸುವ ಭಾರ ಯಾರ ಮೇಲಿರಬೇಕು?

3. ತೀರಿಹೋದವರ ದಾಖಲೆಯನ್ನು ತಿದ್ದುವುದರಿಂದ ಯಾರಿಗೆ ಲಾಭ? ಹೆನ್ರಿ ಫ್ಲಿಪ್ಪರ್ ಅವರ ಉದಾಹರಣೆಯಿಂದ ವಿವರಿಸಿ.

4. ನಿರ್ವಾತದಲ್ಲಿ ಕಾಗದ ಒಣಗುವುದಕ್ಕೂ, ಬೆಟ್ಟದ ಮೇಲೆ ಅಕ್ಕಿ ಬೇಯಲು ಹೆಚ್ಚು ಹೊತ್ತು ಹಿಡಿಯುವುದಕ್ಕೂ ಇರುವ ಸಂಬಂಧವೇನು?

5. ಇಂದು ದಾಖಲೆಗಳು ಕಂಪ್ಯೂಟರಿನಲ್ಲಿವೆ. ನಕಲು ಮಾಡುವುದು ಸುಲಭವಾಗಿದೆ. ಹಾಗೆಯೇ ಒಂದು ತಪ್ಪು ಹತ್ತು ಕಚೇರಿಗಳಿಗೆ ಹರಡುವುದೂ ಸುಲಭವಾಗಿದೆಯೇ? ನಿಮ್ಮ ಊರಿನ ಒಂದು ಉದಾಹರಣೆಯೊಡನೆ ಚರ್ಚಿಸಿ.